ಮಾನಿಟರಿನ ಹಣೆ

ಸೆಪ್ಟೆಂಬರ್ 23, ಮಂಗಳವಾರ

ಹಾಲು ಡೇರಿಗೆ ಹಾಕಿ ಬಂದೆ. ಚೈತ್ರಳಿಗೆ ಜಡೆ ಹೆಣೆದು ಸ್ಕೂಲ್ ವ್ಯಾನ್ ಹತ್ತಿಸಿದೆ. ಇವರು ಬೆಳಗಿನ ಬೆಂಗಳೂರು ಬಸ್ಸಿಗೆ ಆಗಲೇ ಹೋಗಿಯಾಗಿತ್ತು. ಕಂಡಕ್ಟರನ ಹೆಂಡತಿಗೆ ಗಂಡ ಸರಿಯಾಗಿ ಸಿಗುವುದು ವಾರದ ರಜೆಗೆ ಮಾತ್ರ. ಆಮೇಲೆ ನನ್ನ ಆಫೀಸು. ಆಫೀಸೆಂದರೆ ನಡುಮನೆಯ ಕಿಟಕಿ ಪಕ್ಕದ ಟೇಬಲ್ಲು, ಒಂದು ಕಂಪ್ಯೂಟರು, ನಾಗಮಂಗಲದ ಸ್ಟುಡಿಯೋದವರು ಕಳಿಸುವ ಮದುವೆ ಫೋಟೋಗಳು. ಮೊಡವೆ ಅಳಿಸು, ಬಣ್ಣ ಸರಿಮಾಡು, ಆಲ್ಬಂ ಜೋಡಿಸು.

ಇವತ್ತು ಹೊಸ ಮಾನಿಟರ್ ಬಂತು! ದೊಡ್ಡದು. ಟೇಬಲ್ಲಿನ ಅರ್ಧ ಅದಕ್ಕೇ ಆಯಿತು. ಹಳೆಯದರಲ್ಲಿ ಮದುಮಗಳ ಕುಂಕುಮ ಕಿತ್ತಳೆಯಾಗಿ ಕಾಣುತ್ತಿತ್ತು, ನಾನು ಸರಿಮಾಡಿ ಕಳಿಸಿದರೆ ಪ್ರಿಂಟಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು, ಸ್ಟುಡಿಯೋದವರು ನನಗೆ ಬೈಯುತ್ತಿದ್ದರು. ಹೊಸದನ್ನು ಆನ್ ಮಾಡಿ ಅದೇ ಫೋಟೋ ತೆರೆದೆ… ಕೆಂಪು. ಹಣೆಯ ಬೆವರಿನಲ್ಲಿ ಸ್ವಲ್ಪ ಕದಡಿದ, ಅಂಚಿನಲ್ಲಿ ಅರಿಸಿನ ಸೇರಿದ, ನಿಜವಾದ ಕೆಂಪು. ಇಷ್ಟು ವರ್ಷ ನಾನು ಕುಂಕುಮವನ್ನು ನೋಡಿಯೇ ಇರಲಿಲ್ಲ ಅನ್ನಿಸಿತು. ಕೆಲಸ ಬಿಟ್ಟು ಸುಮ್ಮನೆ ನೋಡುತ್ತ ಕೂತೆ.

ಅತ್ತೆ ಬಂದು ಹಿಂದೆ ನಿಂತರು. ಮದುಮಗಳ ಹಣೆಯನ್ನೇ ನೋಡುತ್ತಿದ್ದರು.

“ಮುಟ್ಟುದ್ರೆ ಕೈಗ್ ಅಂಟ್ಕತದೇನೋ ಅನ್ನಂಗದಲ್ಲವ್ವ.”

ಮುಟ್ಟಿ ನೋಡಿ ಅಂದೆ. ಕೈ ಹಿಂದಕ್ಕೆ ಕಟ್ಟಿಕೊಂಡರು. ಮಾವ ಹೋದಾಗಿನಿಂದ ಅವರು ಕುಂಕುಮ ಮುಟ್ಟುವುದಿಲ್ಲ. ಪರದೆಯ ಮೇಲಿನದನ್ನೂ ಮುಟ್ಟುವುದಿಲ್ಲ ಅಂತ ಇವತ್ತು ಗೊತ್ತಾಯಿತು.

ಸೆಪ್ಟೆಂಬರ್ 28, ಭಾನುವಾರ

ಇವರಿಗೆ ರಜೆ. ಎಲ್ಲರ ಪಾಸ್‌ವರ್ಡ್ ತಪಾಸಣೆ ಮಾಡಿದೆ. ಇವರ ಪಾಸ್‌ವರ್ಡ್ ಬೈಕ್ ನಂಬರು. ಬೀದಿಯಲ್ಲಿ ಹೋಗುವ ನಾಯಿಗೂ ಕಾಣುವ ಹಾಗೆ ಹಿಂದೆ ಮುಂದೆ ಬರೆಸಿಕೊಂಡಿದ್ದಾರೆ. ಅತ್ತೆಯ ಫೋನಿಗೆ ಲಾಕೇ ಇಲ್ಲ. “ನಂದ್ರಲ್ ಏನದೆ ಕದಿಯಕ್ಕೆ?” ಅಂತ ಕೇಳಿದರು. ಓಟಿಪಿ ಯಾರು ಕೇಳಿದರೂ ಹೇಳಬಾರದು, ಯಾವ ಲಿಂಕೂ ಒತ್ತಬಾರದು, ಹೆದರಿಸಿದರೆ ಕಟ್ ಮಾಡಬೇಕು — ಮೂವರನ್ನೂ ಕೂರಿಸಿ ಪಾಠ ಹೇಳಿದೆ. ಇವರು ಆಕಳಿಸಿದರು. ಚೈತ್ರ ಮಾತ್ರ ತಲೆಯಾಡಿಸಿದಳು, ಅದೂ ಬೇಗ ಆಡಲು ಹೋಗಬೇಕಿತ್ತು ಅಂತ.

ಈ ಡೈರಿಯ ಫೈಲಿಗೂ ಪಾಸ್‌ವರ್ಡ್ ಹಾಕಿದ್ದೇನೆ. ಏನು ಅಂತ ಇಲ್ಲೂ ಬರೆಯುವುದಿಲ್ಲ.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಕುಡುಗೋಲು, ಮಚ್ಚು, ಗುದ್ದಲಿ, ಮಿಕ್ಸಿ, ಚೈತ್ರಳ ಸೈಕಲ್ಲು, ಬೈಕು. ಎಲ್ಲ ತೊಳೆದು ಒರೆಸಿ ಚೆಂಡು ಹೂ ಹಾಕಿ ಆಯಿತು. ಅತ್ತೆಯದು ಎಂದಿನಂತೆ ಹಿಂದಿನ ಕೆಲಸ: ತೊಳೆಯುವುದು, ಅರಿಸಿನ ಕಲಸಿ ಕೊಡುವುದು. ತಟ್ಟೆ ಮುಂದೆ ಹೋಗುತ್ತದೆ, ಅವರು ಬಾಗಿಲ ಮರೆಗೆ ಹೋಗುತ್ತಾರೆ.

ಕೊನೆಗೆ ಕಂಪ್ಯೂಟರು. ನನಗೇನನ್ನಿಸಿತೋ. ತಟ್ಟೆಯನ್ನು ಅವರ ಮುಂದೆ ಹಿಡಿದೆ.

“ಅತ್ತೆ, ಇದುಕ್ಕೆ ನೀವೇ ಇಡಿ.”

“ನಾನಾ? ಬ್ಯಾಡ ಕಣವ್ವ. ನಾನಿಕ್ಬಾರ್ದು.”

“ಇದು ನನ್ ಆಯುಧ. ಯಾರಿಡ್ಬೇಕು ಅಂತ ನಾನೇಳ್ತೀನಿ.”

ಇವರು ಕೆಮ್ಮಿದರು. ಪಕ್ಕದ ಮನೆಯ ಪುಟ್ಟಗೌರಮ್ಮ ಪ್ರಸಾದಕ್ಕೆ ಬಂದು ಬಾಗಿಲಲ್ಲೇ ನಿಂತಿದ್ದರು. ಆ ಬಾಯಿ ಸುಮ್ಮನಿದ್ದದ್ದೇ ದೊಡ್ಡದು.

ಅತ್ತೆ ಬೆರಳನ್ನು ಕುಂಕುಮದಲ್ಲಿ ಅದ್ದಿದರು. ಮಾನಿಟರನ್ನು ಕೆಳಗಿಂದ ಮೇಲೆ ನೋಡಿದರು, ಯಾವುದು ಹಣೆ ಅಂತ ಹುಡುಕುವ ಹಾಗೆ. ಮೇಲ್ಗಡೆ ನಟ್ಟನಡುವೆ ವೆಬ್‌ಕ್ಯಾಮ್ ಸಿಕ್ಕಿಸಿದ್ದೇನೆ, ಚೈತ್ರಳ ಆನ್‌ಲೈನ್ ಕ್ಲಾಸಿನ ಕಾಲದ್ದು. ಸರಿಯಾಗಿ ಅದರ ಗಾಜಿನ ಮೇಲೆಯೇ, ಕಾಸಗಲ, ದಪ್ಪಗೆ ಇಟ್ಟರು. “ಅತ್ತೆ, ಅದು ಕ್ಯಾಮೆರಾ” ಅನ್ನಲು ಬಾಯಿ ತೆರೆದೆ. ಅವರ ಮುಖ ನೋಡಿದೆ. ಮುಚ್ಚಿಕೊಂಡೆ.

ಎಷ್ಟು ಹೊತ್ತು ಆ ಬೆರಳನ್ನು ನೋಡಿಕೊಂಡಿದ್ದರು! ಆಮೇಲೆ ಹಿತ್ತಲಿಗೆ ಹೋಗಿ ತೊಳೆದುಕೊಂಡರು.

ಅಕ್ಟೋಬರ್ 4, ಶನಿವಾರ

ಕುಂಕುಮ ಒಣಗಿ ಗಾಜಿಗೆ ಕಚ್ಚಿಕೊಂಡಿದೆ. ತೆಗೆಯಲು ಮನಸ್ಸಿಲ್ಲ. ತಿಳಿದವರು ಕ್ಯಾಮೆರಾಕ್ಕೆ ಟೇಪ್ ಅಂಟಿಸುತ್ತಾರೆ, ಯಾರೂ ಕದ್ದು ನೋಡದಿರಲಿ ಅಂತ. ನಮ್ಮದಕ್ಕೆ ನಮ್ಮತ್ತೆ ಬೆಟ್ಟಮ್ಮನವರ ಕುಂಕುಮ.

ಕುತೂಹಲಕ್ಕೆ ಕ್ಯಾಮೆರಾ ಆನ್ ಮಾಡಿದೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬೀಳುತ್ತಿತ್ತು. ಪರದೆ ತುಂಬ ಕೆಂಪು. ಮನೆ ಇಲ್ಲ, ನಾನಿಲ್ಲ. ಬಿಸಿಲಿಗೆ ಮುಖವೊಡ್ಡಿ ಕಣ್ಣು ಮುಚ್ಚಿದರೆ ರೆಪ್ಪೆಯೊಳಗೆ ಕಾಣುತ್ತದಲ್ಲ, ಆ ಕೆಂಪು. ಅತ್ತೆಯನ್ನು ಕರೆದು ತೋರಿಸಿದೆ.

“ಇದು ನೀವಿಟ್ಟಿದ್ದು ಅತ್ತೆ. ಒಳಗಿಂದ ನೋಡುದ್ರೆ ಇಂಗದೆ.”

ನೋಡಿದರು. ಒಲೆಯ ಮೇಲಿನ ಅನ್ನ ಸೀಯುವ ತನಕ ಇಬ್ಬರೂ ನೋಡಿದೆವು.

ಅಕ್ಟೋಬರ್ 14, ಮಂಗಳವಾರ. ಸಂಜೆ

ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ಮಧ್ಯಾಹ್ನ ಫೋನ್ ಬಂತು. ಮೊದಲು ಹಿಂದಿಯವನು, ಆಮೇಲೆ ಕನ್ನಡದವನು. ಪೊಲೀಸ್ ಅಂದ. ಇವರ ಪೂರ್ತಿ ಹೆಸರು, ಡಿಪೋ, ಆಧಾರ್ ನಂಬರು, ಎಲ್ಲ ಸರಿಯಾಗಿ ಹೇಳಿದ. ಇವರ ಆಧಾರ್ ಮೇಲೆ ತೆಗೆದ ಸಿಮ್ಮಿನಿಂದ ಹೆಣ್ಣುಮಕ್ಕಳಿಗೆ ಕೆಟ್ಟ ವೀಡಿಯೋ ಹೋಗಿದೆಯಂತೆ. ಕೇಸಾಗಿದೆಯಂತೆ. ಇವತ್ತೇ ಸಸ್ಪೆಂಡು, ನಾಳೆ ಪೇಪರಿನಲ್ಲಿ ಫೋಟೋ. ಗಂಡನಿಗೆ ಫೋನ್ ಮಾಡಿದರೆ ಸಾಕ್ಷಿ ನಾಶ ಅಂತ ಅವನನ್ನು ಈಗಲೇ ಹಿಡಿಯುತ್ತೇವೆ. ಕಂಪ್ಯೂಟರ್ ಇದೆಯಾ? ಇದ್ದರೆ ವೀಡಿಯೋ ಕಾಲಿಗೆ ಬಾ.

ಬಂದೆ! ಮೂವರಿಗೆ ಪಾಠ ಹೇಳಿದ ನಾನು.

ಫೋನಿನಲ್ಲಾಗಿದ್ದರೆ ಅವನು ಹೆಬ್ಬೆರಳಿನಷ್ಟು ಇರುತ್ತಿದ್ದ. ಈ ಮಾನಿಟರಿನಲ್ಲಿ ಅವನ ತಲೆ ನನ್ನ ತಲೆಗಿಂತ ದೊಡ್ಡದು. ಖಾಕಿ ಬಟ್ಟೆಯ ನೂಲು ನೂಲೂ ಕಾಣುತ್ತಿತ್ತು. ಹಿಂದೆ ಗೋಡೆ, ಲಾಂಛನ, ಬೀರು. ದಿನಾ ಇದೇ ಪರದೆಯ ಮೇಲೆ ಹಿನ್ನೆಲೆ ಕತ್ತರಿಸಿ ಅಂಟಿಸುವವಳು ನಾನು. ಆ ಗೋಡೆ ಅಂಟಿಸಿದ್ದು ಅಂತ ಹೊಳೆಯಲೇ ಇಲ್ಲ. ಇವರು ತಲೆ ತಗ್ಗಿಸಿ ಜೀಪಿನಲ್ಲಿ ಕೂತದ್ದೇ ಕಣ್ಣಮುಂದೆ. ಸ್ಕೂಲಿನಲ್ಲಿ ಚೈತ್ರಳನ್ನು ಯಾರಾದರೂ ಏನಾದರೂ ಕೇಳಿದರೆ…

ಕಂಪ್ಯೂಟರಿನಲ್ಲೇ ಬ್ಯಾಂಕ್ ಖಾತೆ ತೆರೆಸಿದ. ಚೈತ್ರಳ ಹೆಸರಿನ ಠೇವಣಿ ಒಡೆದು ತನಿಖೆಗೆ ಅಂತ ಅವರ ಖಾತೆಗೆ ಹಾಕಬೇಕು, ಸಂಜೆಗೆ ವಾಪಸ್ಸು ಅಂದ. ಹೂಂ ಅಂದೆ. ಆಗ ಅವನಿಗೆ ಸಿಟ್ಟು ಬಂತು.

“ಏನಮ್ಮ ಇದು, ನೀವು ಕಾಣ್ತಾನೇ ಇಲ್ಲ. ಬರೀ ಕೆಂಪಗಿದೆ. ಕ್ಯಾಮೆರಾಕ್ಕೆ ಏನು ಮೆತ್ತಿದ್ದೀರ? ಒರೆಸಿ. ನನಗೆ ನಿಮ್ಮ ಮುಖ ಕಾಣಬೇಕು.”

ಎದ್ದೆ. ಸೆರಗಿನ ತುದಿಗೆ ಎಂಜಲು ಹಚ್ಚಿದೆ. ಕೈ ಎತ್ತಿದೆ. ಮಣಿಕಟ್ಟು ಯಾರೋ ಹಿಡಿದರು.

ಅತ್ತೆ. ಯಾವಾಗ ಬಂದರೋ. ತೆಂಗಿನಗರಿ ಸೀಳುತ್ತಿದ್ದ ಕತ್ತಿ ಇನ್ನೊಂದು ಕೈಯಲ್ಲೇ ಇತ್ತು.

“ಒರೆಸ್ಬ್ಯಾಡ.”

“ಅತ್ತೆ ಸುಮ್ನಿರಿ, ಪೊಲೀಸ್ನೋರು—”

“ಯಾರಾದ್ರೂ ಆಗ್ಲಿ. ಕುಂಕುಮ ಒರೆಸ್ಬ್ಯಾಡ.”

ಅವನು ಅಲ್ಲಿಂದ ಯಾರದು ರೂಮಿನಲ್ಲಿ, ಹೊರಗೆ ಕಳಿಸು ಅಂತ ಗದರಿದ. ಅತ್ತೆ ಪರದೆಯ ಹತ್ತಿರ ಹೋಗಿ ಅಷ್ಟು ದೊಡ್ಡ ಮುಖವನ್ನು ನೇರವಾಗಿ ನೋಡಿದರು. ದನಿ ಏರಿಸಲಿಲ್ಲ.

“ಯಾರ್ಲಾ ನೀನು? ಮನೆ ಎಣ್ಮಗಳಿಗೆ ಕುಂಕುಮ ಒರೆಸು ಅಂತೀಯಲ್ಲಾ, ನಿಮ್ಮವ್ವ ನಿಂಗೇನೂ ಯೋಳ್ಕೊಟ್ಟಿಲ್ವಾ? ಪೊಲೀಸಾದ್ರೆ ಮನೆತಕ್ ಬಾ. ಹೊಣಕೆರೇಲಿ ಬಸ್ ಇಳ್ದು ಬೋರಯ್ಯನ ಮನೆ ಅನ್ನು, ಯಾರಾದ್ರೂ ತೋರುಸ್ತಾರೆ. ಬಂದು ಜಗಲಿ ಮ್ಯಾಲೆ ಕುಂತ್ಕಂಡು ಮಾತಾಡು. ಕಾಫಿ ಕೊಡ್ತೀನಿ.”

ಮಾವನ ಹೆಸರು ಹೇಳಿ ವಿಳಾಸ ಕೊಟ್ಟೇಬಿಟ್ಟರು! ಆ ಹೊತ್ತಿನಲ್ಲೂ ನನಗೆ ಅದೇ ಚಿಂತೆ. ಅವನು ಕೂಗಾಡುತ್ತಿದ್ದ. ಅರೆಸ್ಟು, ವಾರಂಟು, ಇನ್ನೇನೇನೋ. ಅತ್ತೆ ಗೋಡೆಯ ಸ್ವಿಚ್ಚಿಗೆ ಕೈ ಹಾಕಿ ಆರಿಸಿದರು, ಬಾತುರೂಮಿನ ಲೈಟು ಆರಿಸುವ ಹಾಗೆ. ಅಷ್ಟು ದೊಡ್ಡ ಮನುಷ್ಯ ಹೋಗಿಬಿಟ್ಟ. ಕಪ್ಪು ಪರದೆಯಲ್ಲಿ ನಾವಿಬ್ಬರು ಕಂಡೆವು. ನಾನು, ನನ್ನ ಪಕ್ಕದಲ್ಲಿ ಕತ್ತಿ ಹಿಡಿದ ಒಬ್ಬ ಮುದುಕಿ.

ಆಮೇಲೆ ಬುದ್ಧಿ ಬಂತು. ಇವರಿಗೆ ಫೋನ್ ಮಾಡಿದೆ. ಬಸ್ಸಿನ ಗದ್ದಲದಲ್ಲಿ “ಯಡಿಯೂರು ದಾಟಿದೀವಿ, ಏನೇಳು” ಅಂದರು. ಯಾವ ಕೇಸೂ ಇಲ್ಲ, ಏನೂ ಇಲ್ಲ. ಟಿಕೆಟ್ ಕೊಡುತ್ತಿದ್ದಾರೆ. ಅತ್ತುಬಿಟ್ಟೆ.

ಅಕ್ಟೋಬರ್ 15, ಬುಧವಾರ

ಬ್ಯಾಂಕಿಗೆ ಹೋದೆ. ಠೇವಣಿ ಹಾಗೇ ಇದೆ. ಒಂದು ಬಟನ್ ಬಾಕಿ ಇತ್ತು, ಅಷ್ಟೆ. ಸ್ಟೇಷನ್ನಿನಲ್ಲೂ ಬರೆದುಕೊಟ್ಟೆ. ನಿಜವಾದ ಪೊಲೀಸರು ಕೂರಿಸಿ ನೀರು ಕೊಟ್ಟರು. ಪೊಲೀಸರು ಯಾರನ್ನೂ ವೀಡಿಯೋ ಕಾಲಿನಲ್ಲಿ ಅರೆಸ್ಟ್ ಮಾಡುವುದಿಲ್ಲ ಅಂದರು. ಗೊತ್ತು ಸಾರ್ ಅಂದೆ. ಗೊತ್ತಿತ್ತು.

ಎಲ್ಲ ಪಾಸ್‌ವರ್ಡೂ ಬದಲಾಯಿಸಿದೆ. ಇವತ್ತು ರಜೆ ಹಾಕಿ ಮನೆಯಲ್ಲಿದ್ದ ಇವರು ಬೈಯಲಿಲ್ಲ. “ನಂಗೊಂದ್ ಫೋನ್ ಮಾಡ್ಬೋದಿತ್ತಲ್ಲ” ಅಂದರು.

“ಮಾಡುದ್ರೆ ನಿಮ್ಮನ್ನ ಇಡ್ಕೊಂಡೋಯ್ತೀವಿ ಅಂದ.”

ಇವರು ತುಂಬ ಹೊತ್ತು ನನ್ನ ಕೈ ಹಿಡಿದುಕೊಂಡು ಕೂತಿದ್ದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಹಗಲು ಹೊತ್ತಿನಲ್ಲಿ ಇದೇ ಮೊದಲು. ಅತ್ತೆ ನೋಡಿಯೂ ನೋಡದವರಂತೆ ಎಮ್ಮೆ ಕಟ್ಟಲು ಹೋದರು.

ಅಕ್ಟೋಬರ್ 18, ಶನಿವಾರ

ಮೂರು ದಿನದಿಂದ ಒಂದೇ ಪ್ರಶ್ನೆ. ಅವನು ಕಳ್ಳ ಅಂತ ಅತ್ತೆಗೆ ಹೇಗೆ ಗೊತ್ತಾಯಿತು? ಇವತ್ತು ಹಿತ್ತಲಲ್ಲಿ ಪೊರಕೆ ಕಡ್ಡಿ ಹೆರೆಯುತ್ತಿದ್ದರು. ಪಕ್ಕದಲ್ಲಿ ಕೂತು ಕೇಳಿದೆ.

“ನಂಗೆಲ್ಲಿ ಗೊತ್ತಿತ್ತವ್ವ. ಪೊಲೀಸ್ನೇ ಅನ್ಕಂಡಿದ್ದೆ.”

“ಮತ್ತೆ? ಎದ್ರುಕೆ ಆಗ್ನಿಲ್ವಾ?”

ಕಡ್ಡಿ ಹೆರೆಯುವುದು ನಿಲ್ಲಿಸಲಿಲ್ಲ.

“ನಿಮ್ಮಾವ ಓದ್ ದಿನ ನಂದ ಒರೆಸುದ್ರು. ಒದ್ದೆ ಬಟ್ಟೇಲಿ. ಯಾರು ಒರೆಸುದ್ರು ಅಂತ್ಲೂ ಕಾಣೆ, ಕಣ್ಮುಚ್ಕಂಡಿದ್ದೆ. ಒರೆಸ್ಬ್ಯಾಡಿ ಅನ್ಬೇಕು ಅನ್ನುಸ್ತು. ಆ ಮನುಸ ಓದ್ರೆ ನನ್ ಅಣೆ ಏನ್ ಮಾಡ್ತು? ಉಟ್ದಾಗಿಂದ ಇಕ್ಕಂಡಿದ್ದು. ಅನ್ಬೇಕು ಅನ್ನುಸ್ತು, ಬಾಯ್ಗ್ ಬರ್ನಿಲ್ಲ. ಆರು ವರ್ಸ ಒಳ್ಗೇ ಇತ್ತು. ಮೊನ್ನೆ ಬಂತು.”

ಆಮೇಲೆ ಕಡ್ಡಿ ಕಟ್ಟು ಎತ್ತಿಕೊಳ್ಳುತ್ತ: “ಎದ್ರುಕೆ ಆಯ್ತು ಕಣವ್ವ. ಯಾಕಾಗಕಿಲ್ಲ.”

ನಾನು ಕಂಪ್ಯೂಟರಿನ ಮುಂದೆ ಬಂದು ಕೂತೆ. ಕೆಲಸ ಓಡಲಿಲ್ಲ. ಈ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಈ ಹೆಂಗಸಿನ ಜೊತೆ ಒಂದೇ ಒಲೆ, ಒಂದೇ ಕೊಟ್ಟಿಗೆ. ಎದುರಿಗೇ ಇದ್ದರೂ ಕಂಡಿರಲಿಲ್ಲ. ಎಂಥ ದೊಡ್ಡ ಜೀವ ಇದು.

ಅಕ್ಟೋಬರ್ 22, ಬುಧವಾರ. ಬಲಿಪಾಡ್ಯಮಿ, ಸಂಜೆ

ಹಬ್ಬಕ್ಕೆ ಹೆಚ್ಚಿನ ಬಸ್ಸು ಬಿಟ್ಟಿದ್ದಾರೆ, ಇವರಿಗೆ ರಜೆ ಇಲ್ಲ. ಬೆಂಗಳೂರಿನಲ್ಲೇ ಉಳಿಯುತ್ತಾರೆ. ಏಳು ಗಂಟೆಗೆ ವೀಡಿಯೋ ಕಾಲ್ ಮಾಡುತ್ತೇನೆ, ದೊಡ್ಡ ಮಾನಿಟರಿನಲ್ಲಿ ಎಲ್ಲರೂ ಕೂತಿರಿ, ಅವ್ವನ್ನೂ ನೋಡಬೇಕು ಅಂದರು. ಕಾಲ್ ಬರುವ ತನಕ ಇಷ್ಟು ಬರೆದುಬಿಡುತ್ತೇನೆ.

ಕ್ಯಾಮೆರಾ ತೆರೆಯಲೇಬೇಕಾಯಿತು. ಆದರೆ ಒರೆಸಲು ನನ್ನ ಕೈ ಬರಲಿಲ್ಲ. ಬಟ್ಟೆ ಹಿಡಿದು ಸುಮ್ಮನೆ ನಿಂತಿದ್ದೆ. ಅತ್ತೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ನನ್ನ ಕೈಯ ಬಟ್ಟೆ ನೋಡಿದರು.

“ಒರೆಸ್ಬಾರ್ದು. ತಗೀಬೇಕು. ಪೂಜೆ ಮಾಡಿದ್ ಕುಂಕುಮ ಅಲ್ವಾ.”

ಬಟ್ಟಲ ಎಣ್ಣೆಯಲ್ಲಿ ಉಂಗುರದ ಬೆರಳು ಅದ್ದಿದರು. ಕ್ಯಾಮೆರಾ ಆನ್ ಇತ್ತು, ಪರದೆ ಕೆಂಪಗಿತ್ತು. ಗಾಜಿನ ಮೇಲೆ ಬೆರಳು ಮೆಲ್ಲಗೆ ಸುತ್ತಿಸಿದರು. ಕುಂಕುಮ ನೆನೆಯಿತು, ಬೆರಳಿಗೆ ಬಂತು. ಪರದೆಯ ಕೆಂಪು ಒಂದು ಅಂಚಿನಿಂದ ಸರಿಯುತ್ತ ಹೋಯಿತು. ಅದರ ಹಿಂದಿನಿಂದ ಅವರ ಮುಖ ಬಂತು. ಪರದೆ ತುಂಬ. ಎಣ್ಣೆಯ ಜಿಡ್ಡಿಗೆ ಸ್ವಲ್ಪ ಮಂಜು ಮಂಜು, ಹಿಂದಿನ ದೀಪಗಳೆಲ್ಲ ಹೂವಿನಷ್ಟಗಲ ಅರಳಿಕೊಂಡು. ಅತ್ತೆ ಬೆಚ್ಚಿದರು. ತಮ್ಮನ್ನು ತಾವು ಅಷ್ಟು ದೊಡ್ಡದಾಗಿ ಅವರು ಎಂದೂ ಕಂಡಿಲ್ಲ.

“ನಾನಾ ಇದು?”

“ನೀವೇ ಅತ್ತೆ.”

ಬೆರಳು ಗಾಳಿಯಲ್ಲಿ ನಿಂತಿತ್ತು, ತುದಿಯಲ್ಲಿ ಕೆಂಪು. ತೊಳೆಯಲು ಹಿತ್ತಲಿಗೆ ಹೋಗಲಿಲ್ಲ. ಪರದೆಯನ್ನೇ ನೋಡಿಕೊಂಡು, ಕನ್ನಡಿಯಲ್ಲಿ ನೋಡಿಕೊಳ್ಳುವ ಹಾಗೆ, ಬೆರಳನ್ನು ಹಣೆಯ ತನಕ ತಂದರು. ನಿಲ್ಲಿಸಿದರು. ಇಟ್ಟರು.

ಚೈತ್ರ ಕೈಯಲ್ಲಿ ಸುರುಸುರುಬತ್ತಿ ಹಿಡಿದು ಬಂದವಳು ಅಜ್ಜಿಯನ್ನೇ ನೋಡುತ್ತ ನಿಂತುಬಿಟ್ಟಳು. ಈ ಮಾನಿಟರ್ ಕೆಂಪನ್ನು ಸರಿಯಾಗಿ ತೋರಿಸುತ್ತದೆ ಅಂತ ಎಷ್ಟು ಹೆಮ್ಮೆಪಟ್ಟಿದ್ದೆ. ಇಲ್ಲ. ಆ ಹಣೆಯ ಮೇಲಿನ ಕೆಂಪು ಪರದೆಗೆ ಪೂರ್ತಿ ಬಂದಿಲ್ಲ. ತಿರುಗಿ ಅವರನ್ನೇ ನೋಡಬೇಕಾಯಿತು.

“ತಿಮ್ಮರಾಜ ಏನಂತಾನೋ” ಅಂದರು, ಮಗನನ್ನು ನೆನೆದು. ಆಮೇಲೆ, “ಅನ್ಲಿ ಬುಡು. ನೆಟ್ಗದಾ ನೋಡವ್ವ.”

ನೆಟ್ಟಗಿದೆ ಅಂದೆ.

ಈಗ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ. ಹೊಸ ಸೀರೆ. ಏನು ಬರೆಯುತ್ತಿದ್ದೀಯ ಅಂತ ಕೇಳಿದರು, ಲೆಕ್ಕ ಅಂದೆ. ಪುಟ್ಟಗೌರಮ್ಮ ಬಾಗಿಲಲ್ಲಿ ಇಣುಕಿ ಹೋದರು. ಅತ್ತೆ ತಲೆ ತಗ್ಗಿಸಲಿಲ್ಲ.

ಕಾಲ್ ಬರುತ್ತಿದೆ. ಇವರ ಹೆಸರು ಪರದೆಯ ಮೇಲೆ. ಅತ್ತೆಯ ಕೈ ಒಮ್ಮೆ ಹಣೆಯ ಕಡೆ ಎದ್ದಿತು, ಮುಚ್ಚಿಕೊಳ್ಳುತ್ತಾರೇನೋ ಅಂದುಕೊಂಡೆ. ಇಲ್ಲ. ಸೆರಗು ಸರಿಮಾಡಿಕೊಂಡರು, ಬೆನ್ನು ನೆಟ್ಟಗೆ ಮಾಡಿದರು, ಕ್ಯಾಮೆರಾವನ್ನೇ ನೋಡುತ್ತ “ಒತ್ತವ್ವ” ಅಂದರು.