ಕಿತ್ತ ಕೊನೆಯ ಹಾಳೆ

೧೮ ಜೂನ್ ೧೯೭೭, ಶನಿವಾರ

ಬಿಳಿಕೆರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಶಾಲೆಯ ಗೆಳತಿ ಚಿಕ್ಕತಾಯಿ ಸಿಕ್ಕಳು. ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಹುಣಸೂರಿನ ಶಾಲೆಯಲ್ಲಿ ನಾವು ಐವರು ಹುಡುಗಿಯರು ಹಾರುವ ವೀರನ ಚಿತ್ರಕಥೆಗೆಂದೇ ಸಂಘ ಕಟ್ಟಿದ್ದೆವು. ಇದ್ದೊಂದು ಪುಸ್ತಕದ ಕೊನೆಯ ಹಾಳೆ ಕಿತ್ತವಳು ಅವಳೇ ಎಂದು ನಾನು ಜಗಳವಾಡಿದ್ದೆ. ಸಂಘವೂ ಒಡೆಯಿತು.

ಇವತ್ತು ಅವಳೇ ಒಪ್ಪಿಕೊಂಡಳು. "ಕಿತ್ತಿದ್ದು ನಾನೇ ಕಣೆ. ಕೊನೇಲಿ ಅವ್ನು ಸತ್ತೋಯ್ತಾನೆ. ನಿಮ್ಮಪ್ಪ ತೀರ್ಕೊಂಡು ಆಗಿನ್ನೂ ತಿಂಗ್ಳಾಗಿತ್ತು. ನೀನು ಓದ್ಬಾರ್ದು ಅಂತ ಕಿತ್ತಾಕ್ಬುಟ್ಟೆ."

ಆ ವೀರ ಬದುಕಿ ಮನೆಗೆ ಬಂದನೆಂದೇ ನಾನು ನನ್ನ ತರಗತಿಯ ಮಕ್ಕಳಿಗೆ ಕಥೆ ಹೇಳುತ್ತಾ ಬಂದಿದ್ದೇನೆ. ಅವಳಿಗೂ ಅದನ್ನೇ ಹೇಳಿದೆ.

"ಅದೆಂಗೆ ಬದುಕ್ದ? ನಂಗೂ ಯೋಳು," ಎಂದು ಕೈ ಹಿಡಿದು ಕೂರಿಸಿಕೊಂಡಳು. ಬಂದ ಬಸ್ಸನ್ನು ಇಬ್ಬರೂ ಬಿಟ್ಟೆವು.

ಕಣ್ಣು ಎಳೆಯುತ್ತಿದೆ. ಮಿಕ್ಕ ಮೂವರಿಗೂ ಕಾಗದ ಬರೆಯಬೇಕು, ಅವರೂ ಬಂದರೆ ಸಂಘ ಮತ್ತೆ...