ಗಿರಣಿಯ ಹಿಟ್ಟು

ಬ್ಯಾಡಗಿ, ೧೧-೧-೧೯೮೯

ಚಿ. ಸೌ. ಪದ್ಮಜಾಳಿಗೆ ಆಶೀರ್ವಾದ.

ವಿಜಾಪುರದ ಮನೆಯ ಅಡಿಗೆ ಮೂವತ್ತು ವರ್ಷ ನಡೆಸಿದ ನಿನ್ನ ಅತ್ತೆ ಅಂಬಾಬಾಯಿ ಬರೆಯುವುದು. ನನ್ನ ಕೈಯ ಊಟ ಯಾರಿಗೂ ಕೆಡುಕು ಮಾಡಿಲ್ಲ ಎನ್ನುತ್ತಿದ್ದೆ. ಈಗ ಹಾಗೆನ್ನಲು ಹೆದರಿಕೆಯಾಗುತ್ತದೆ.

ನಿನ್ನ ನಾದಿನಿ ನಳಿನಿಯ ಮಗಳಿಗೆ ಗೋಧಿ ಆಗುವುದಿಲ್ಲ, ಚಿಟಿಕೆಯಷ್ಟೂ ಕೂಡದು ಎಂದು ಡಾಕ್ಟರರು ಹೇಳಿದ್ದರಲ್ಲ. ನಾನು ಇಲ್ಲಿ ಅವಳ ಮನೆಗೆ ಬಂದವಳೇ ಚಪಾತಿ, ರವೆ, ಶಾವಿಗೆ ಎಲ್ಲ ನಿಲ್ಲಿಸಿ ಜೋಳದ ರೊಟ್ಟಿ ಬಡಿದು ಹಾಕಿದೆ. ತಿಂಗಳಾದರೂ ಭೇದಿ ನಿಲ್ಲಲಿಲ್ಲ. ಐದು ವರ್ಷದ ಕೂಸನ್ನು ಎತ್ತಿಕೊಂಡರೆ ಬಗಲಿಗೆ ಭಾರವೇ ತಿಳಿಯುವುದಿಲ್ಲ.

ನಿನ್ನೆ ಜೋಳ ಬೀಸಿಸಲು ನಾನೇ ಗಿರಣಿಗೆ ಹೋದೆ. ಇಲ್ಲಿ ಊರೆಲ್ಲ ಮೆಣಸಿನಕಾಯಿಯ ಘಾಟು. ಸಾಲಿನಲ್ಲಿ ನಿಂತವರೆಲ್ಲ ಸೀನುತ್ತಿದ್ದರು. ನನ್ನ ಮುಂದಿನವಳ ಗೋಧಿ ಮುಗಿದದ್ದೇ ತಡ, ಗಿರಣಿಯ ಹೇಮಪ್ಪ ಅದೇ ಕಲ್ಲಿಗೆ ನನ್ನ ಜೋಳ ಸುರಿದ. ಮೊದಲು ಉದುರಿದ್ದು ಗೋಧಿಯ ಹಿಟ್ಟೇ. ಕೇಳಿದರೆ, "ದಿನಾ ಹಿಂಗ ಅಲ್ಲೇನ್ರಿ ಅವ್ವಾರ? ಒಂದ್ ಮುಷ್ಟಿ ಗೋಧಿ ಬೆರತರ ರೊಟ್ಟಿ ಹರಿಯೂದಿಲ್ರಿ, ಮಂದಿ ಕೇಳಿ ಬೆರಸ್ಕೋತಾರ" ಎಂದು ನಕ್ಕ.

ತಿಂಗಳಿಡೀ ಆ ಗೋಧಿಯನ್ನು ನಾನೇ ತುತ್ತು ಮಾಡಿ ತಿನ್ನಿಸಿದ್ದೆ. ನಳಿನಿಗೆ ಹೇಳಿದೆ. ಅವಳು ಮಗಳ ತಟ್ಟೆಯಿಂದ ನನ್ನ ರೊಟ್ಟಿ ತೆಗೆದಿಟ್ಟಳು.

ಮೊಣಕಾಲು ನೋವು ತಡೆಯುವಷ್ಟಿದೆ. ಸಂಕ್ರಾಂತಿಗೆ ನನ್ನ ದಾರಿ ಕಾಯಬೇಡ. ಅಕ್ಷರ ಡೊಂಕಾಗಿವೆ ಎಂದು ಗಾಬರಿಯಾಗಬೇಡ, ಅಂಗೈಯಲ್ಲಿ ಗುಳ್ಳೆ ಎದ್ದಿವೆ. ಗಿರಣಿಯ ಹಿಟ್ಟೆಲ್ಲ ದನಕ್ಕೆ ಹಾಕಿಸಿ, ನೆರೆಮನೆಯ ದುರಗವ್ವನ ಬೀಸುಕಲ್ಲು ತರಿಸಿ ತೊಳೆದು, ಇವತ್ತಿನ ಜೋಳ ನಾನೇ ಕುಳಿತು ಬೀಸಿದ್ದೇನೆ.