ಎರಡು ಬೆರಳಿನ ಸಡಿಲ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.20

ಮೂರನೇ ರಾತ್ರಿಯೂ ನೀರಲ್ಲಿ ಹೋಮ. ಎದ್ದಾಗ ಮಾಸ್ಕು ದಿಂಬಿನ ಕೆಳಗಿತ್ತು. ಆಸ್ಪತ್ರೆಯವರು ಕೊಟ್ಟ ಉಸಿರಿನ ಮೆಷಿನ್ನು ಯಾರಿಗೂ ಬೇಡದ ಗಾಳಿಯನ್ನು ಬುಸ್ಸೆಂದು ಊದುತ್ತಲೇ ಇತ್ತು. ಯಾವಾಗ ಕಿತ್ತೆಸೆದೆನೋ ನೆನಪಿಲ್ಲ. ಅದರ ಪರದೆಯ ಮೇಲೆ ನೋಡಿದರೆ — ಮಾಸ್ಕು ಮುಖದ ಮೇಲಿದ್ದದ್ದು ಒಂದು ಗಂಟೆ ಐವತ್ತು ನಿಮಿಷ. ಡಾಕ್ಟರು ಕೇಳಿದ್ದು ರಾತ್ರಿಗೆ ಕನಿಷ್ಠ ನಾಲ್ಕು ಗಂಟೆ.

ಮೂಗಿನ ಮೇಲೆ ಕೆಂಪು ಗಾಯ. ಎಡಗಣ್ಣು ಕೆಂಡ. ಮಾಸ್ಕಿನ ಸಂದಿಯಿಂದ ನುಗ್ಗಿದ ಗಾಳಿ ನೇರ ಕಣ್ಣಿಗೇ ಹೊಡೆದಿದೆ.

ಇವಳು ಕಾಫಿ ಕೊಟ್ಟು ಮುಖ ನೋಡಿದಳು. ಏನೂ ಅನ್ನಲಿಲ್ಲ. ಏನೂ ಅನ್ನದೇ ಇರುವುದರಲ್ಲಿ ನನ್ನ ಹೆಂಡತಿಯನ್ನು ಮೀರಿಸುವವರಿಲ್ಲ. ಹನ್ನೊಂದು ವರ್ಷದ ಹಿಂದೆ ಹಾಸಿಗೆ ಬಿಟ್ಟು ಹಾಲಿನ ಸೋಫಾಕ್ಕೆ ಹೋದಾಗಲೂ ಹೀಗೇ, ಒಂದು ಮಾತಿಲ್ಲ. ನನ್ನ ಗೊರಕೆ ತಾಳಲಾರದೆ ಓಡಿದಳು ಅಂತ ನಾನೇ ಅರ್ಥ ಮಾಡಿಕೊಂಡೆ. ಒಳಗೊಳಗೇ ಒಂದು ಕೋಪ ಇಟ್ಟುಕೊಂಡೆ. ಇನ್ನೂ ಇದೆ, ಸುಳ್ಳು ಯಾಕೆ.

ನಿದ್ದೆಯ ಡೈರಿ ಬರೆಯಿರಿ ಅಂದದ್ದು ಡಾಕ್ಟರು. ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ಅಷ್ಟು ಸಾಕಂತೆ. ಅದು ಬೇರೆ ಚೀಟಿಯಲ್ಲಿದೆ. ಇದು ಹಳೇ ಅಳತೆ ಪುಸ್ತಕದ ಖಾಲಿ ಹಾಳೆ. ಇದನ್ನು ಯಾರಿಗೂ ತೋರಿಸುವುದಿಲ್ಲ.

ಮಾರ್ಚ್ 4, ಮಂಗಳವಾರ. ಊಟದ ಬಿಡುವು

ಕಾರ್ಖಾನೆಯ ಮೂಲೆಯಲ್ಲಿ ಕೂತು ಗುಂಡಿ ಎಳೆಯುತ್ತಿದ್ದೇನೆ. ಶಾಲೆಯ ಸಮವಸ್ತ್ರದ ಶರ್ಟು. ಗುಂಡಿ ಗಟ್ಟಿ ಇದೆಯಾ, ಎಳಿ. ಇದೆ. ಮುಂದಿನದು. ಮೂವತ್ತನಾಲ್ಕು ವರ್ಷ ಕಟಿಂಗ್ ಮಾಸ್ಟರ್ ಆಗಿದ್ದವನಿಗೆ ಈ ಕೆಲಸ.

ತಪ್ಪು ಯಾರದು? ನನ್ನದೇ. ಹೋದ ತಿಂಗಳು ಅರವತ್ತು ಪದರ ಬಟ್ಟೆ ಹಾಸಿ, ಕಟಿಂಗ್ ಮೆಷಿನ್ ಹಿಡಿದು ನಿಂತವನು ನಿಂತಲ್ಲೇ ತೂಕಡಿಸಿದೆ. ಬ್ಲೇಡು ಚಾಕ್‌ಪೀಸಿನ ಗೀಟು ಬಿಟ್ಟು ಅಡ್ಡಾದಿಡ್ಡಿ ಹೋಯಿತು. ಎಡಗೈ ಹೆಬ್ಬೆರಳಿಗೆ ಇನ್ನು ಎರಡಂಗುಲ ಇದೆ ಅನ್ನುವಾಗ, ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ನಿನ ಅಕ್ಕ ಓಡಿ ಬಂದು ಪ್ಲಗ್ಗು ಕಿತ್ತಳು. ಕೈಗೆ ಹಾಕಬೇಕಾದ ಉಕ್ಕಿನ ಗ್ಲೌಸು ಮೊಳೆಯಲ್ಲಿ ನೇತಾಡುತ್ತಿತ್ತು. ಅದೂ ನನ್ನದೇ ಸೊಕ್ಕು.

ಆಮೇಲೆ ಆಸ್ಪತ್ರೆ. ಮೈತುಂಬ ವೈರು ಅಂಟಿಸಿ ಮಲಗಿಸಿ ಪರೀಕ್ಷೆ. ನಿದ್ದೆಯಲ್ಲಿ ನನ್ನ ಗಂಟಲು ಮುಚ್ಚಿಕೊಳ್ಳುತ್ತದಂತೆ. ಗಂಟೆಗೆ ನಲವತ್ತಾರು ಸಲ ಉಸಿರು ಕಟ್ಟುತ್ತದಂತೆ. ರಾತ್ರಿಯೆಲ್ಲ ಹೀಗೆ ಒದ್ದಾಡಿದವನಿಗೆ ಹಗಲು ತೂಕಡಿಕೆ ಬರದೆ ಇನ್ನೇನು. ಮೆಷಿನ್ನಿನ ಗಾಳಿ ಗಂಟಲನ್ನು ತೆರೆದಿಡುತ್ತದೆ — ಮಾಸ್ಕು ಮುಖದ ಮೇಲೆ ಕೂತರೆ.

ಯಜಮಾನರು ಕೆಟ್ಟವರಲ್ಲ. ಏಪ್ರಿಲ್ ಎರಡಕ್ಕೆ ಡಾಕ್ಟರ ರಿಪೋರ್ಟ್ ಕೇಳಿದ್ದಾರೆ. ಹದಿನಾಲ್ಕು ರಾತ್ರಿ, ತಲಾ ನಾಲ್ಕು ಗಂಟೆ ಮಾಸ್ಕು ಹಾಕಿದ್ದು ಅದರಲ್ಲಿ ಇರಬೇಕು. ಇದ್ದರೆ ಕಟಿಂಗ್ ಟೇಬಲ್ ನನ್ನದು, ಇಲ್ಲದಿದ್ದರೆ ಬೇರೆ ಮಾಸ್ಟರ್ ಬರುತ್ತಾರೆ.

"ನಿಮ್ಮ ಕೈ ನನಗೆ ಬೇಕು ಮಾಸ್ಟ್ರೇ. ಆದ್ರೆ ಎರಡೂ ಬೇಕು," ಅಂದರು.

ಗುಂಡಿ ಎಳೆಯಲು ಬಂದೆ.

ಮಾರ್ಚ್ 6, ಗುರುವಾರ. ಸಂಜೆ 5.40

ಇವತ್ತು ಮಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ಸರಿಯಾಗಿ ನೋಡಿದೆ. ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕು. ಗೊರಕೆಯವರೆಲ್ಲ ಬಾಯಲ್ಲಿ ಉಸಿರಾಡುತ್ತಾರೆ, ಇದೇ ಇರಲಿ ಅಂತ ಕೌಂಟರಿನವರು ಕೊಟ್ಟಿದ್ದರು. ಆದರೆ ತಲೆಗೆ ಬಿಗಿಯುವ ಪಟ್ಟಿಯ ಕೆಲಸ ಇದೆಯಲ್ಲ, ಆಹಾ. ಮೂರು ಪದರ ಸೇರಿಸಿದ್ದಾರೆ, ಹೊಲಿಗೆ ಎಲ್ಲಿದೆ ಅಂತ ಹುಡುಕಬೇಕು. ಒಂದು ನೂಲೂ ಚರ್ಮಕ್ಕೆ ತಾಗುವುದಿಲ್ಲ. ಹೊಲಿದವರು ಯಾರೋ, ಅವರ ಕೈಗೆ ಒಂದು ನಮಸ್ಕಾರ.

ಆದರೆ ಅಳತೆ ದೊಡ್ಡದು, ಅದಕ್ಕೇ ಗಾಳಿ ಸೋರುತ್ತಿದೆ. ಕನ್ನಡಿ ಮುಂದೆ ಕೂತು, ಪಟ್ಟಿ ಎಳೆದು ಹಿಡಿದು, ಪಿನ್ನು ಚುಚ್ಚಿ ಗುರುತು ಮಾಡಿಕೊಂಡೆ. ಹಿಂಭಾಗದಲ್ಲಿ ಮುಕ್ಕಾಲು ಅಂಗುಲ ಒಳಗೆ ಮಡಚಿ ಹೊಲಿದೆ. ಇನ್ನು ಸೂಜಿ ತೂರಲೂ ಸಂದಿಯಿಲ್ಲ.

ಇವಳು ಬಾಗಿಲಲ್ಲಿ ನಿಂತು, ಆಸ್ಪತ್ರೆಯವರನ್ನು ಒಂದು ಮಾತು ಕೇಳಬಹುದಿತ್ತಲ್ಲ ಅಂದಳು. ಪಟ್ಟಿ ಹೊಲಿಯುವುದನ್ನು ಆಸ್ಪತ್ರೆಯವರಿಂದ ಕಲಿಯಬೇಕಾ ಅಂದೆ.

ಮಾರ್ಚ್ 7, ಶುಕ್ರವಾರ. ಬೆಳಿಗ್ಗೆ

ನಲವತ್ತು ನಿಮಿಷ. ಈಗ ಎರಡೂ ಕಣ್ಣು ಕೆಂಡ.

ಮಾರ್ಚ್ 14, ಶುಕ್ರವಾರ. ಸಂಜೆ 7

ಒಂದು ವಾರ ಮೆಷಿನ್ನಿಗೆ ಟವೆಲ್ ಹೊದಿಸಿಟ್ಟಿದ್ದೆ. ಬರೆಯಲೂ ಇಲ್ಲ. ಇನ್ನು ಆರು ದಿನ ತಡೆದರೆ ಹದಿನಾಲ್ಕು ರಾತ್ರಿ ಸಿಗುವುದೇ ಇಲ್ಲ, ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಹಟ.

ಇವತ್ತು ಇವಳು ಟವೆಲ್ ತೆಗೆದು, ಮೆಷಿನ್ನು ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು. ಬರುತ್ತೀರೋ ಅಥವಾ ನಾನೊಬ್ಬಳೇ ಹೋಗಲೋ ಅಂದಳು. ಹೋದೆ.

ಆಸ್ಪತ್ರೆಯ ಹಿಂಬದಿಗೆ ಒಂದು ಸಣ್ಣ ಕೋಣೆ. ಒಂದು ಮಂಚ, ಒಂದು ಸ್ಟೂಲು, ಗೋಡೆಯ ಕೊಕ್ಕೆಗಳಲ್ಲಿ ನಲವತ್ತೈವತ್ತು ಮಾಸ್ಕು. ಮಧ್ಯೆ ಒಬ್ಬ ಕುಳ್ಳ ಹೆಂಗಸು, ಕನ್ನಡಕ ತಲೆ ಮೇಲೆ. ಎಲ್ಲರೂ ಮಾಸ್ಕ್ ಮೇಡಂ ಅನ್ನುತ್ತಾರೆ. ನನ್ನ ಮಾಸ್ಕು ಕೈಗೆತ್ತಿಕೊಂಡವರು ಪಟ್ಟಿಯ ಮೇಲೆ ಬೆರಳು ಓಡಿಸಿ, ಸರಿಯಾಗಿ ಆ ಹೊಲಿಗೆಯ ಹತ್ತಿರವೇ ನಿಲ್ಲಿಸಿದರು.

"ಯಾರು ಹೊಲಿದಿದ್ದು?"

"ನಾನೇ. ಕಟಿಂಗ್ ಮಾಸ್ಟರ್ ನಾನು."

"ತುಂಬ ಚೆನ್ನಾಗಿದೆ. ಬಿಚ್ಚಿ."

ಬೈದಿದ್ದರೆ ಜಗಳ ಆಡಬಹುದಿತ್ತು. ಇದಕ್ಕೆ ಏನು ಮಾಡುವುದು? ಚೀಲದಿಂದ ಸೂಜಿ ತೆಗೆದು ತುಟಿಯಲ್ಲಿ ಕಚ್ಚಿಕೊಂಡು, ಬ್ಲೇಡಿನಿಂದ ಒಂದೊಂದೇ ನೂಲು ಎಬ್ಬಿಸುತ್ತ ಕೂತೆ. ಸೂಜಿ, ಪಿನ್ನು ಬಾಯಲ್ಲಿ ಇಟ್ಟುಕೊಳ್ಳುವುದು ನಮ್ಮ ಕಸುಬಿನ ಕೆಟ್ಟ ಚಾಳಿ. ಬಿಚ್ಚಿ ಮುಗಿಸಿ ತಲೆ ಎತ್ತಿದರೆ, ಆಯಮ್ಮ ಪಟ್ಟಿಯನ್ನು ನೋಡುತ್ತಲೇ ಇಲ್ಲ. ನನ್ನ ಬಾಯಿ ನೋಡುತ್ತಿದ್ದಾರೆ.

ಒಂಬತ್ತು ನಿಮಿಷ ಬಾಯಿ ಮುಚ್ಚಿಕೊಂಡೇ ಇದ್ದಿರಿ, ಒಂದು ಸಲವೂ ಬಾಯಲ್ಲಿ ಉಸಿರು ಎಳೆಯಲಿಲ್ಲ ಅಂದರು. ಸೂಜಿ ನುಂಗಬಾರದಲ್ಲ ಅಂದೆ. ಹಾಗಾದರೆ ರಾತ್ರಿ ಬಾಯಿ ತೆರೆದು ಮಲಗುತ್ತೀರಾ ಅಂತ ಕೇಳಿದರು. ಮಲಗಿದವನಿಗೆ ಹೇಗೆ ಗೊತ್ತಾಗಬೇಕು.

"ಮುಚ್ಚೇ ಇರುತ್ತೆ," ಅಂದಳು ಇವಳು, ಹಿಂದಿನಿಂದ.

ಮೇಡಂ ತಿರುಗಿ ನೋಡಿದರು. ನೀವು ಮಲಗುವುದು ಹಾಲಿನಲ್ಲಿ ಅಂತ ಫಾರಮ್ಮಿನಲ್ಲಿ ಇದೆಯಲ್ಲ ಅಂದರು.

"ಬಾಗಿಲು ತೆಗೆದೇ ಇಟ್ಟಿರ್ತೀನಿ. ಗೊರಕೆ ನಿಂತ ತಕ್ಷಣ ಎಣಿಸೋಕೆ ಶುರು ಮಾಡ್ತೀನಿ. ಇಪ್ಪತ್ತಾದ್ರೂ ಉಸಿರು ಬರ್ಲಿಲ್ಲ ಅಂದ್ರೆ ಎದ್ದು ಹೋಗಿ ಇವರ ಕಾಲು ಅಲ್ಲಾಡಿಸ್ತೀನಿ. ಆಗ ಮುಖ ನೋಡಿರ್ತೀನಲ್ಲ."

ದಿನದ ಅಡುಗೆ ಬಗ್ಗೆ ಹೇಳುವ ದನಿಯಲ್ಲೇ ಹೇಳಿದಳು. ನಾನು ಕೈಯಲ್ಲಿದ್ದ ಪಟ್ಟಿಯನ್ನು ಮಡಚಿದೆ, ಬಿಚ್ಚಿದೆ, ಮಡಚಿದೆ.

ಮೇಡಂ ಗೋಡೆಯಿಂದ ಒಂದು ಪುಟ್ಟ ಮಾಸ್ಕು ತೆಗೆದರು. ಮಾಸ್ಕು ಅನ್ನಲೂ ಆಗದು. ಮೂಗಿನ ಹೊಳ್ಳೆಗಳ ಕೆಳಗೆ ಕೂರುವ ಎರಡು ಮೆತ್ತನೆ ತುದಿ, ಒಂದು ತೆಳು ಪಟ್ಟಿ, ಅಷ್ಟೇ. ನನ್ನ ಮೀಸೆಯನ್ನೇ ನೋಡಿದರು. ಕೈಯಿಂದ ಮುಚ್ಚಿಕೊಂಡೆ. ಮೀಸೆ ಇರಲಿ, ಇದಕ್ಕೆ ಅಡ್ಡ ಬರುವುದಿಲ್ಲ ಅಂದರು. ಇಪ್ಪತ್ತೆಂಟು ವರ್ಷದ ಮೀಸೆ, ಉಳಿಯಿತು.

ಅಲ್ಲಿಂದ ಮುಂದೆ ಆಯಮ್ಮನ ಕೆಲಸ ನೋಡಿದೆ. ಮೂರು ಅಳತೆಯ ತುದಿಗಳನ್ನು ಒಂದೊಂದಾಗಿ ಇಟ್ಟು ನೋಡಿದರು. ಕನ್ನಡಿ ಕೊಡಲಿಲ್ಲ. ಮಂಚದ ಮೇಲೆ ಮಲಗಿಸಿ, ಗಾಳಿ ಬಿಟ್ಟು, ಎಡಕ್ಕೆ ಹೊರಳಿಸಿ, ಬಲಕ್ಕೆ ಹೊರಳಿಸಿ, ಪ್ರತಿಸಲ ಅಂಗೈಯನ್ನು ಕೆನ್ನೆಯ ಹತ್ತಿರ ಹಿಡಿದು ಗಾಳಿ ಸೋರುತ್ತದಾ ಅಂತ ನೋಡಿದರು. ಕೂತವನ ಮುಖವೇ ಬೇರೆ, ಮಲಗಿದವನ ಮುಖವೇ ಬೇರೆಯಂತೆ. ಮಲಗಿದರೆ ಕೆನ್ನೆಯೆಲ್ಲ ಜಾರುತ್ತದಂತೆ. ನಾನು ಕನ್ನಡಿ ಮುಂದೆ ಕೂತು ಅಳತೆ ಹಿಡಿದ ಮುಖ, ರಾತ್ರಿ ಆ ಹಾಸಿಗೆಯಲ್ಲಿ ಇರಲೇ ಇಲ್ಲ.

ಕೊನೆಗೆ ಪಟ್ಟಿ ಸಡಿಲ ಮಾಡಿದರು. ಬಿಗಿ ಮಾಡಬೇಕಲ್ಲವಾ ಅಂದೆ.

"ಗಾಳಿ ಉಬ್ಬಿಸಿದಾಗ ಅದು ತಾನಾಗೇ ಕೂರುತ್ತೆ. ಉಬ್ಬೋಕೆ ಜಾಗ ಬೇಕಲ್ಲ. ಎರಡು ಬೆರಳು ಹೋಗಬೇಕು ಒಳಗೆ."

ಎರಡು ಬೆರಳು! ಕಾಲರಿನ ಅಳತೆ ತೆಗೆಯುವಾಗ ಟೇಪಿನ ಒಳಗೆ ಎರಡು ಬೆರಳು ಇರಬೇಕು, ಇಲ್ಲದಿದ್ದರೆ ಶರ್ಟು ತೊಟ್ಟವನು ಉಸಿರು ಕಟ್ಟಿ ಸಾಯುತ್ತಾನೆ — ಈ ಮಾತನ್ನು ಕೆಲಸ ಕಲಿಯಲು ಬಂದ ಎಷ್ಟು ಜನಕ್ಕೆ ಹೇಳಿದ್ದೇನೋ. ಇನ್ನೊಂದನ್ನೂ ಹೇಳುತ್ತೇನೆ, ತನ್ನ ಅಳತೆಯನ್ನು ತಾನೇ ತೆಗೆದುಕೊಳ್ಳಬಾರದು ಅಂತ. ಊರಿಗೆಲ್ಲ ಬುದ್ಧಿ ಹೇಳಿ ಮನೆಯಲ್ಲಿ ಎರಡನ್ನೂ ಮರೆತೆ.

ಮೇಡಂ ನನ್ನ ಬೆರಳು ಕೇಳಲಿಲ್ಲ. ಇವಳನ್ನು ಕರೆದು, ಇವಳ ಎರಡು ಬೆರಳನ್ನು ಪಟ್ಟಿಯ ಕೆಳಗೆ ತೂರಿಸಿ, ಇಷ್ಟು ಅಂತ ತೋರಿಸಿಕೊಟ್ಟರು.

ಪಳಗಿದ ಕೈ ಆಯಮ್ಮನದು. ಎರಡು ಲಕ್ಷ ಶರ್ಟು ಕತ್ತರಿಸಿದವನು ಹೇಳುತ್ತಿದ್ದೇನೆ.

ಮಾರ್ಚ್ 15, ಶನಿವಾರ. ಬೆಳಿಗ್ಗೆ 6.30

ಐದು ಗಂಟೆ ಹತ್ತು ನಿಮಿಷ!! ಮೂಗು ಸ್ವಲ್ಪ ಒಣಗಿದೆ. ಮೆಷಿನ್ನಿನ ಪುಟ್ಟ ತೊಟ್ಟಿಗೆ ನೀರು ತುಂಬುವುದು ಮರೆತಿದ್ದೆ. ಕಣ್ಣು ಬೆಳ್ಳಗಿದೆ.

ಹಾಲಿಗೆ ಬಂದಾಗ ಇವಳು ಸೋಫಾದ ಮೇಲೆ ಕೂತಿದ್ದಳು. ಯಾಕೆ ಅಲ್ಲಿಗೆ ಹೋದೆ ಅಂತ ಕೇಳಿಯೇ ಬಿಟ್ಟೆ. ಹನ್ನೊಂದು ವರ್ಷ ಕೇಳದಿದ್ದ ಮಾತು.

"ಹಾಸಿಗೇಲಿ ಮಲಗಿದ್ರೆ ನನಗೆ ನಿದ್ದೆ ಹತ್ತಿಬಿಡುತ್ತೆ ರೀ," ಅಂದಳು. "ಸೋಫಾ ಮೇಲೆ ಅಷ್ಟು ಹತ್ತಲ್ಲ."

ಸ್ನಾನಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಗಂಡಸು, ಐವತ್ತೇಳು ವರ್ಷ. ಬರೆದಿಟ್ಟಿದ್ದೇನೆ, ಇರಲಿ.

ಮಾರ್ಚ್ 18, ಮಂಗಳವಾರ. ಬೆಳಿಗ್ಗೆ

ನಾಲ್ಕೂ ರಾತ್ರಿ ಐದು ಗಂಟೆಗೆ ಮೇಲೆ. ನಿನ್ನೆ ಯಜಮಾನರ ಮುಂದೆ ಒಂದು ಸಲವೂ ಆಕಳಿಸಲಿಲ್ಲ.

ಇವಳ ಕಣ್ಣ ಕೆಳಗೆ ಮಾತ್ರ ಕಪ್ಪು. ರಾತ್ರಿ ಆರು ಸಲ ಎದ್ದು ಬಂದಳಂತೆ. ಈಗ ಗೊರಕೆಯೇ ಇಲ್ಲ. ಇಲ್ಲದ ಶಬ್ದ ನಿಂತದ್ದು ಯಾವಾಗ ಅಂತ ಹೇಗೆ ತಿಳಿಯುತ್ತದೆ ಅನ್ನುತ್ತಾಳೆ. ಮೆಷಿನ್ನು ನೋಡಿಕೊಳ್ಳುತ್ತದೆ ಅಂದೆ. ಅದಕ್ಕೇನು ಗೊತ್ತು ಅಂದಳು.

ಸರಿಯಾಗಿಯೇ ಕೇಳಿದಳು. ಅದಕ್ಕೇನು ಗೊತ್ತು.

ಮಾರ್ಚ್ 22, ಶನಿವಾರ. ಮಧ್ಯಾಹ್ನ

ಮೆಷಿನ್ನಿನ ಪೈಪು ತಣ್ಣಗೆ ಕುತ್ತಿಗೆಗೆ ತಾಗಿ ಎಚ್ಚರವಾಗುತ್ತಿತ್ತು. ಮೆತ್ತನೆ ಬಟ್ಟೆಯ ಒಂದು ಗವಸು ಹೊಲಿಯೋಣ ಅನ್ನಿಸಿತು. ಈ ಸಲ ಮೊದಲು ಮಾಸ್ಕ್ ಮೇಡಂಗೆ ಫೋನ್ ಮಾಡಿದೆ. ಗಾಳಿ ಹೊರಗೆ ಹೋಗುವ ಸಣ್ಣ ತೂತುಗಳನ್ನು ಮುಚ್ಚಬೇಡಿ, ಉಳಿದದ್ದು ನಿಮ್ಮಿಷ್ಟ ಅಂದರು. ಹೊಲಿದೆ. ಇವಳು ಎರಡು ಬೆರಳು ತೂರಿಸಿ ನೋಡಿ ಪಾಸು ಮಾಡಿದಳು. ನಗುತ್ತಿದ್ದಳು.

ಏಪ್ರಿಲ್ 2, ಬುಧವಾರ. ಸಂಜೆ 6

ರಿಪೋರ್ಟ್ ಬಂತು. ಹತ್ತೊಂಬತ್ತು ರಾತ್ರಿಗೆ ಹತ್ತೊಂಬತ್ತು. ಗಂಟೆಗೆ ನಲವತ್ತಾರು ಇದ್ದದ್ದು ಮೂರಕ್ಕೆ ಇಳಿದಿದೆ. ಡಾಕ್ಟರು ಚೆನ್ನಾಗಿ ಮಾಡಿದಿರಿ ಅಂತ ನನ್ನ ಬೆನ್ನು ತಟ್ಟಿದರು. ತಟ್ಟಬೇಕಾದ ಬೆನ್ನು ಹೊರಗೆ ಬೆಂಚಿನ ಮೇಲೆ ಕೂತಿತ್ತು. ಹೇಳಿದೆ. ಆಚೆ ಬಂದು ಇವಳಿಗೂ ಹೇಳಿದರು. ಇವಳು ನಾಚಿ ಚೀಲದೊಳಗೆ ಏನೋ ಹುಡುಕಿದಳು.

ಯಜಮಾನರು ಕಾಗದವನ್ನು ಎರಡು ಸಲ ಓದಿ, ಮೊಳೆಯಲ್ಲಿದ್ದ ಉಕ್ಕಿನ ಗ್ಲೌಸನ್ನು ತಾವೇ ತೆಗೆದು ನನ್ನ ಕೈಗೆ ಕೊಟ್ಟರು. ನಾಳೆ ಒಂಬತ್ತಕ್ಕೆ ಟೇಬಲ್. ಓವರ್‌ಲಾಕ್ ಅಕ್ಕ, ಇನ್ನು ಪ್ಲಗ್ಗು ಕೀಳೋ ಕೆಲಸ ನನಗಿಲ್ಲ ಹಾಗಾದ್ರೆ ಅಂದಳು.

ಮನೆಗೆ ಬಂದಾಗ ರಿಪೋರ್ಟನ್ನು ಇವಳ ಕೈಗೆ ಕೊಟ್ಟೆ. ಮೂರು ಅಂದರೆ ಮೂರೇ ತಾನೆ ಅಂತ ಕೇಳಿದಳು. ಮೂರೇ ಅಂದೆ. ಹೊದಿಕೆ, ದಿಂಬು ಎತ್ತಿಕೊಂಡು ಕೋಣೆಗೆ ಹೋದಳು. ಏನೂ ಅನ್ನಲಿಲ್ಲ.

ಏಪ್ರಿಲ್ 3, ಗುರುವಾರ. ಬೆಳಿಗ್ಗೆ 6.50

ಇವಳು ಇನ್ನೂ ಎದ್ದಿಲ್ಲ. ಐದಕ್ಕೇ ಎದ್ದು ಓಡಾಡುವವಳು. ಗೋಡೆಯ ಕಡೆ ತಿರುಗಿ, ಮೊಣಕಾಲು ಮಡಚಿ, ಒಂದು ಕೈ ನನ್ನ ಜಾಗದಲ್ಲಿ ಚಾಚಿ ಮಲಗಿದ್ದಾಳೆ. ನಾನೇ ಕಾಫಿ ಮಾಡಿದೆ. ನೀರು ಜಾಸ್ತಿಯಾಯಿತು.

ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಒಂಬತ್ತಕ್ಕೆ ಟೇಬಲ್ ಮುಂದೆ ನಿಲ್ಲಬೇಕು. ತಿಂಡಿಗೆ ಎಬ್ಬಿಸಲಾ? ಬೇಡ. ಬ್ರೆಡ್ಡು ಇದೆ.

ಗೊರಕೆ ಹೊಡೆಯುತ್ತಿದ್ದಾಳೆ. ನಿಜವಾಗಿ! ತೆಳ್ಳಗೆ, ಸಣ್ಣ ಹೊಲಿಗೆ ಮೆಷಿನ್ನಿನ ಹಾಗೆ. ಎದ್ದ ಮೇಲೆ ಹೇಳಿದರೆ ಖಂಡಿತ ನಂಬುವುದಿಲ್ಲ, ಜಗಳಕ್ಕೇ ಬರುತ್ತಾಳೆ. ಹನ್ನೊಂದು ವರ್ಷದ ಬಾಕಿ ನಿದ್ದೆ, ಮಲಗಲಿ. ಈ ಹೆಂಗಸಿನ ಮುಂದೆ ನಾನು ಯಾವ ಮಾಸ್ಟರ್? ಎದ್ದ ತಕ್ಷಣ ಹೇಳಬೇಕು. ಬಾಯಿ ಬಿಟ್ಟು ಹೇಳಬೇಕು. ಇಷ್ಟು ವರ್ಷ ನೀನು

ನಿಂತಿತು.

ಗೊರಕೆ ನಿಂತಿತು. ಒಂದು. ಎರಡು. ಮೂರು. ನಾಲ್ಕು. ಐ